ಫ್ಯಾನ್ ತಿರುಗ್ತಾ ಇದೆ, ಮತ್ತೆಂತ?

ಹಳೇ ಗಾಡಿಯ ರೇಡಿಯೇಟರಿಗೆ, ಅಂದರೆ ಇಂಜಿನ್ನಿನ ಬಿಸಿ ನೀರು ತಣಿಯುವ ಜಾಲರಿಗೆ, ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿಕೊಂಡವರಿಗೆಲ್ಲ ಒಂದು ಚಟ ಅಂಟಿಕೊಳ್ಳುತ್ತದೆ. ಪಕ್ಕದವರ ಹತ್ತಿರ ಮಾತಾಡುತ್ತಿದ್ದರೂ ಒಂದು ಕಿವಿ ಬಾನೆಟ್ ಕಡೆಗೇ ಇರುತ್ತದೆ. ಶಿರಸಿಯ ದೇವಿಕೆರೆ ಹತ್ತಿರ ಗಾಡಿಗಳ ಸಾಲಿನಲ್ಲಿ ನಿಂತಿದ್ದೇವೆ ಅಂದುಕೊಳ್ಳಿ, ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಸ್ವಲ್ಪ ಮೇಲೆ ಬಂದಿದೆ. ಇನ್ನೇನು ಆ ‘ಟಕ್’ ಶಬ್ದ ಬರಬೇಕು, ಅದರ ಹಿಂದೆ ಗುಂಯ್ ಅಂತ ಫ್ಯಾನ್ ಸುರುವಾಗಬೇಕು. ಬಂದರೆ ಸಮಾಧಾನ. ಬರದಿದ್ದರೆ? ತಡವಾಗಿ ಬರುತ್ತದೆಯೋ, ಬರುವುದೇ ಇಲ್ಲವೋ ಅಂತ ಹೇಗೆ ಗೊತ್ತಾಗಬೇಕು? ಹೊಸ ಕಾರು ಓಡಿಸುವವರು ಈ ಪ್ರಶ್ನೆಯನ್ನು ಒಂದು ದಿನವೂ ಕೇಳಿಕೊಂಡಿರುವುದಿಲ್ಲ. ಬೆಲ್ಟ್ ಫ್ಯಾನ್ ಇದ್ದ ಕಾಲದಲ್ಲಿ ನಾವೂ ಕೇಳಿಕೊಂಡಿರಲಿಲ್ಲ.

ನನ್ನದು ಪ್ರೀಮಿಯರ್ ಪದ್ಮಿನಿ. ಮೊದಲು ಭಾವನದ್ದಾಗಿತ್ತು, ಈಗ ನನ್ನ ಕೊಟ್ಟಿಗೆಯಲ್ಲಿದೆ. ಇದರಲ್ಲಿ ಇಂಜಿನ್ನಿನ ಮುಂದೆ ಒಂದೇ ಬೆಲ್ಟು. ನೀರಿನ ಪಂಪು, ಅದರ ಮೂತಿಗೇ ಕೂತಿರುವ ಫ್ಯಾನು, ಚಾರ್ಜ್ ಮಾಡುವ ಡೈನಮೋ ಅಥವಾ ಆಲ್ಟರ್ನೇಟರ್ ಎಲ್ಲವೂ ಅದರ ಮೇಲೇ ತಿರುಗುತ್ತವೆ. ಬೆಲ್ಟ್ ಹರಿದರೆ ಫ್ಯಾನ್ ನಿಲ್ಲುತ್ತದೆ, ಆದರೆ ಅದೇ ಕ್ಷಣಕ್ಕೆ ಚಾರ್ಜ್ ಆಗುವುದೂ ನಿಂತು ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ. ಅಂದರೆ ಫ್ಯಾನ್ ಕೆಟ್ಟರೆ ಹೇಳುವ ದೀಪವೊಂದು ಗಾಡಿಯಲ್ಲಿ ಮೊದಲೇ ಇತ್ತು. ಬ್ಯಾಟರಿ ಚಿತ್ರ ಬಿಡಿಸಿದ್ದರಿಂದ ಅದು ಬರೀ ಬ್ಯಾಟರಿಯದ್ದು ಅಂದುಕೊಂಡಿದ್ದೆವು ಅಷ್ಟೇ. ಎಲೆಕ್ಟ್ರಿಕ್ ಫ್ಯಾನ್ ಹಾಕಿದ ದಿನ ನಾವು ಫ್ಯಾನನ್ನು ಆ ದೀಪದ ಕಾವಲಿನಿಂದ ಹೊರಗೆ ತಂದುಬಿಡುತ್ತೇವೆ. ಅದರ ಜಾಗಕ್ಕೆ ಏನನ್ನು ಇಡುತ್ತೇವೆ ಅನ್ನುವುದನ್ನು ಯಾರೂ ಮಾತಾಡುವುದಿಲ್ಲ. ಎಷ್ಟು ಇಂಚಿನ ಫ್ಯಾನು, ಯಾವ ಗಾಡಿಯದ್ದು, ಗುಜರಿಯಲ್ಲಿ ಎಷ್ಟಕ್ಕೆ ಸಿಕ್ಕಿತು, ಮಾತೆಲ್ಲ ಅಲ್ಲೇ ಮುಗಿಯುತ್ತದೆ.

ದೇವಿಮನೆ ಘಟ್ಟದಲ್ಲಿ

ಗಾಡಿ ಇನ್ನೂ ಭಾವನ ಹತ್ತಿರ ಇದ್ದಾಗಿನ ಮಾತು. ಮಳೆಗಾಲದ ರಾತ್ರಿ, ಕುಮಟಾದಿಂದ ಶಿರಸಿಗೆ ವಾಪಸ್ ಬರುತ್ತಿದ್ದೆವು. ಕತಗಾಲ ದಾಟಿ ಘಟ್ಟ ಹತ್ತಲು ಸುರು ಮಾಡಿದ ಮೇಲೆ ಮುಂದೆ ಒಂದು ಲೋಡ್ ಲಾರಿ ಸಿಕ್ಕಿತು. ಅದು ಒಂದನೇ ಗೇರಿನಲ್ಲಿ ತೆವಳುತ್ತಿತ್ತು, ನಾವು ಅದರ ಹಿಂದೆ. ರಸ್ತೆ ಅಗಲ ಮಾಡುವ ಕೆಲಸದ ಕೆಸರು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕತ್ತಲೆ. ಓವರ್‌ಟೇಕ್ ಮಾಡುವ ಮಾತೇ ಇಲ್ಲ. ಹೆಡ್‌ಲೈಟು, ವೈಪರು, ಗಾಜಿನ ಮಂಜು ತೆಗೆಯಲು ಒಂದು ಪುಟ್ಟ ಬ್ಲೋವರು, ಎಲ್ಲ ಆನ್ ಇದ್ದವು. ಫ್ಯಾನೂ ಆನ್ ಇತ್ತು, ಸ್ವಿಚ್ ಒತ್ತಿದ್ದು ನಾನೇ ನೋಡಿದ್ದೆ. ಆದರೂ ಮುಳ್ಳು ಮೇಲೆ ಹೋಗುತ್ತಲೇ ಇತ್ತು. ಆಮೇಲೆ ಸ್ಟೇರಿಂಗ್ ಕೆಳಗಿನಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬರತೊಡಗಿತು. ಇಗ್ನಿಷನ್ ಕೀ ಮುಟ್ಟಿದರೆ ಕೈ ಹಿಂದೆ ತೆಗೆಯುವಷ್ಟು ಬಿಸಿ.

ಹೇಗೋ ದೇವಿಮನೆ ತಲುಪಿ, ದೇವಸ್ಥಾನದ ಎದುರು ನಿಲ್ಲಿಸಿ ಬಾನೆಟ್ ಎತ್ತಿದೆವು. ಭಾವ ಟಾರ್ಚ್ ಬಿಟ್ಟು ನೋಡಿ, “ಫ್ಯಾನ್ ತಿರಗ್ತಾ ಇದ್ದಲ ಮಾರಾಯ, ಮತ್ತೆಂತ?” ಅಂದ. ಹೌದು, ತಿರುಗುತ್ತಿತ್ತು. ಟಾರ್ಚ್ ಬೆಳಕಿನಲ್ಲಿ ರೆಕ್ಕೆ ಒಂದೊಂದಾಗಿ ಎಣಿಸಬಹುದೇನೋ ಅನ್ನುವ ಹಾಗೆ ತಿರುಗುತ್ತಿತ್ತು. ಇಬ್ಬರೂ ಅಲ್ಲಿ ನಿಂತು ಗಾಡಿ ತಣಿಯುವುದನ್ನು ಕಾದೆವು, ಉಂಬಳ ಕಾಲಿಗೆ ಹತ್ತಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಮರುದಿನ ಮೀಟರ್ ಹಿಡಿದು ನೋಡಿದಾಗ ಲೆಕ್ಕ ಸಿಕ್ಕಿತು. ಬ್ಯಾಟರಿಯಲ್ಲಿ 12.4 ವೋಲ್ಟ್. ಫ್ಯಾನಿನ ಕನೆಕ್ಟರಿನಲ್ಲಿ 9.4. ಮೂರು ವೋಲ್ಟ್ ದಾರಿಯಲ್ಲೇ ಮಾಯ. ಇದನ್ನು ಹುಡುಕುವ ಕ್ರಮ ಬಹಳ ಸುಲಭ, ಆದರೂ ಮಾಡುವವರು ಕಡಿಮೆ. ಫ್ಯಾನ್ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಫ್ಯಾನಿನ ಪ್ಲಸ್‌ಗೆ ಇಡಬೇಕು. ವಯರ್ ಸರಿ ಇದ್ದರೆ ಸೊನ್ನೆಗೆ ಹತ್ತಿರ ಬರಬೇಕು. ನಮಗೆ 1.7 ಬಂತು. ಹಾಗೇ ಮೈನಸ್‌ನಿಂದ ಮೈನಸ್‌ಗೆ ಇಟ್ಟರೆ 1.3. ಯಾವುದೋ ಗ್ಯಾರೇಜಿನಲ್ಲಿ ಯಾರೋ ಮಾಡಿದ ಕೆಲಸ: ಇಗ್ನಿಷನ್ ಸ್ವಿಚ್ಚಿನಿಂದ ಒಂದು ಸಪೂರ ವಯರ್ ಎಳೆದು, ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕ ಫ್ಯಾನಿಗೆ ‘ಡೈರೆಕ್ಟ್’ ಕೊಟ್ಟಿದ್ದರು. ಅರ್ಥ್ ವಯರನ್ನು, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸಾಗುವ ವಯರನ್ನು, ಪೇಂಟ್ ಬಳಿದ ಪಟ್ಟಿಯ ಮೇಲೆ ಒಂದು ಸ್ಕ್ರೂ ಹಾಕಿ ಮುಗಿಸಿದ್ದರು. ಪ್ರತಿ ಸಲ ಗಾಡಿ ಸುರುವಾಗುವಾಗಲೂ ಸ್ವಲ್ಪ ಸ್ವಲ್ಪ ಬಿಸಿಯಾಗಿ ಸೋತಿದ್ದ ಆ ಕೀ ಸ್ವಿಚ್ಚು, ಇಷ್ಟು ಕರೆಂಟನ್ನು ಗಂಟೆಗಟ್ಟಲೆ ಹೊರಲಿಕ್ಕೆ ಹುಟ್ಟಿದ್ದೇ ಅಲ್ಲ.

ವಯರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 1 ಚದರ ಮಿ.ಮೀ. ತಾಮ್ರದ ವಯರಿಗೆ ಮೀಟರಿಗೆ ಸುಮಾರು 0.0195 ಓಮ್ ತಡೆ ಇದೆ. ನಾಲ್ಕು ಮೀಟರ್ ಸುತ್ತಿ ಬಳಸಿ ಬಂದು, 8 ಆಂಪ್ ಹರಿದರೆ ಅಲ್ಲೇ 0.6 ವೋಲ್ಟ್ ಹೋಯಿತು. ಅದೇ ದಾರಿಗೆ 4 ಚದರದ ವಯರ್ ಹಾಕಿದರೆ 0.16. ಉಳಿದ ನಷ್ಟವೆಲ್ಲ ಸ್ವಿಚ್ಚಿನದ್ದು, ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟುಗಳದ್ದು. ಈ ಜಾತಿಯ ಮೋಟಾರಿಗೆ ವೋಲ್ಟೇಜ್ ಇಳಿದಷ್ಟು ವೇಗ ಇಳಿಯುತ್ತದೆ, ವೇಗ ಇಳಿದಷ್ಟು ಗಾಳಿ ಇಳಿಯುತ್ತದೆ. ಕಾಲು ಭಾಗ ವೋಲ್ಟೇಜ್ ಕದ್ದರೆ ಕಾಲು ಭಾಗ ಗಾಳಿ ಹೋಯಿತು ಅಂದುಕೊಂಡರೆ ದೊಡ್ಡ ತಪ್ಪಿಲ್ಲ. ಆದರೆ ಟೆಸ್ಟ್ ಲ್ಯಾಂಪ್ ಇಟ್ಟರೆ ಹತ್ತುತ್ತದೆ. ಮೀಟರನ್ನು ಬೀಪ್‌ನಲ್ಲಿ ಇಟ್ಟರೆ ಬೀಪ್ ಅನ್ನುತ್ತದೆ, ವಯರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಎಲ್ಲರೂ ‘ಸರಿ ಇದೆ’ ಅಂತಲೇ ಹೇಳುತ್ತಾರೆ.

(ಇದೇ ಡೈರೆಕ್ಟ್ ವಯರಿಂಗಿನಿಂದ ಇನ್ನೊಂದು ತಮಾಷೆ ಆಗುತ್ತಿತ್ತು. ಕೀ ಆಫ್ ಮಾಡಿದರೂ ಇಂಜಿನ್ ಒಂದೆರಡು ಸೆಕೆಂಡ್ ಓಡುತ್ತಿತ್ತು. ಭಾವ ಅದನ್ನು ಗಾಡಿಯ ಹಠ ಅನ್ನುತ್ತಿದ್ದ. ಕಾರಣ ಸರಳ: ಕರೆಂಟ್ ತೆಗೆದ ಮೇಲೂ ತಿರುಗುತ್ತಿರುವ ಫ್ಯಾನ್ ಮೋಟಾರು ತಾನೇ ಡೈನಮೋ ಆಗುತ್ತದೆ. ಅದು ಹುಟ್ಟಿಸಿದ ಕರೆಂಟು ಅದೇ ವಯರಿನಲ್ಲಿ ಹಿಂದೆ ಹರಿದು, ಇಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲಿಗೆ ಸಿಗುತ್ತದೆ. ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು, ಹಾಕಿ ದಾರಿ ಬೇರೆ ಮಾಡಿದರೆ ಹಠ ಬಿಡುತ್ತದೆ.)

ಸ್ವಿಚ್ ಯಾರ ಕೈಲಿ ಇರಬೇಕು

ಗಾಡಿ ನನ್ನದಾದ ಮೇಲೆ ಹಳೆಯ ವಯರನ್ನೆಲ್ಲ ಕಿತ್ತು ಹೊಸದಾಗಿ ಮಾಡಿಸೋಣ ಅಂತ ಶಿರಸಿಯ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ರಿಲೇ ವಿಷಯಕ್ಕೆ ನಮ್ಮಿಬ್ಬರದ್ದು ಒಂದೇ ಮಾತು. ರಿಲೇಯ 30 ನಂಬರಿನ ಕಾಲಿಗೆ ಬ್ಯಾಟರಿಯಿಂದ ದಪ್ಪ ವಯರು, 87ರಿಂದ ಫ್ಯಾನಿಗೆ ದಪ್ಪ ವಯರು, 85 ಮತ್ತು 86 ರಿಲೇ ಎಳೆಯುವ ಕಾಯಿಲಿಗೆ ಸಣ್ಣ ಕರೆಂಟ್ ಕೊಡುವ ಕಾಲುಗಳು. ಬ್ಯಾಟರಿ ಹತ್ತಿರವೇ ಫ್ಯೂಸು. ಫ್ಯಾನಿನ ಹತ್ತಿರ ಇಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವಯರನ್ನು ಕಾಯುವವರು ಯಾರೂ ಇಲ್ಲ, ಮಧ್ಯದಲ್ಲಿ ಎಲ್ಲಾದರೂ ಗಾಡಿಯ ಮೈಗೆ ತಾಗಿದರೆ ಬೆಂಕಿಯೇ. ಫ್ಯೂಸಿನ ಅಳತೆ ವಯರ್ ನೋಡಿ ಇಡಬೇಕು, ಸುರುವಾಗುವ ಕ್ಷಣದಲ್ಲಿ ಮೋಟಾರು ಎರಡು ಮೂರು ಪಟ್ಟು ಕರೆಂಟ್ ಎಳೆಯುತ್ತದೆ ಅನ್ನುವುದನ್ನೂ ನೆನಪಿಡಬೇಕು. ನನ್ನ ಫ್ಯಾನ್ ಪೂರ್ತಿ ವೋಲ್ಟೇಜ್ ಸಿಕ್ಕಿದಾಗ 10 ಆಂಪ್ ತಿನ್ನುತ್ತದೆ, ಹಳದಿ ಬಣ್ಣದ 20ರ ಫ್ಯೂಸ್ ಹಾಕಿದೆವು.

ಜಗಳ ಬಂದಿದ್ದು ಥರ್ಮೋ ಸ್ವಿಚ್, ಅಂದರೆ ನೀರಿನ ಬಿಸಿಗೆ ತಾನೇ ಆನ್ ಆಗುವ ಸ್ವಿಚ್ಚಿನ ವಿಷಯಕ್ಕೆ. ನನ್ನ ಕೈಯಲ್ಲಿ 92-87 ಅಂತ ಒತ್ತಿದ ಹೊಸ ಸ್ವಿಚ್ ಇತ್ತು. 92 ಡಿಗ್ರಿಗೆ ಕೂಡಿಕೊಳ್ಳುತ್ತದೆ, 87ಕ್ಕೆ ಬಿಡುತ್ತದೆ. ನಡುವೆ ಆ ಐದು ಡಿಗ್ರಿ ಅಂತರ ಇಲ್ಲದಿದ್ದರೆ ರಿಲೇ ಟಕಟಕ ಅನ್ನುತ್ತಲೇ ಇರುತ್ತದೆ. ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ 82ರದ್ದು, ಹಾಗಾಗಿ ಲೆಕ್ಕ ಸರಿ ಇತ್ತು. ಅವರು ಅದನ್ನು ತಿರುಗಿಸಿ ನೋಡಿ ಟೇಬಲ್ ಮೇಲೆ ಇಟ್ಟರು.

“ಹೆಗಡೇರೆ, ಇದು ಹಾಳಾದ್ರೆ ಹೇಳಿ ಹೋಗೂದಿಲ್ಲ. ಸ್ವಿಚ್ ನಿಮ್ಮ ಕೈಲಿ ಇರ್ಲಿ.”

ಹಾಗಾದರೆ ನಾನು ಮರೆತರೆ ಅಂದೆ. “ನೀವು ಮರೆತ್ರೆ ನೀವು ನಿಮ್ಮನ್ನೇ ಬೈಕೊಳ್ತ್ರಿ. ಸೆನ್ಸರ್ ಮರೆತ್ರೆ ನನ್ನ ಬೈತ್ರಿ.”

ಇದನ್ನು ನಾನು ಅವತ್ತು ನಕ್ಕು ಬಿಟ್ಟಿದ್ದೆ, ಆಮೇಲೆ ತುಂಬ ಯೋಚಿಸಿದ್ದೇನೆ. ಊರಲ್ಲಿ ಫ್ಯಾನ್ ಬದಲಿಸಿದ ಜೀಪು, ಅಂಬಾಸಿಡರ್ ಯಾವುದು ನೋಡಿದರೂ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸ್ವಿಚ್ ನೇತಾಡುತ್ತಿರುತ್ತದೆ. ನಾನು ಅದನ್ನು ಸೋಮಾರಿ ಕೆಲಸ ಅಂದುಕೊಂಡಿದ್ದೆ. ಆದರೆ ಅದರಲ್ಲಿ ಒಂದು ವಿಚಾರ ಇದೆ. ಇಂಥ ಸಾದಾ ವಯರಿಂಗ್‌ನಲ್ಲಿ ಎಲ್ಲಿ ಏನು ತುಂಡಾದರೂ ಫಲ ಒಂದೇ, ಫ್ಯಾನ್ ನಿಲ್ಲುತ್ತದೆ. ಸ್ವಿಚ್ ಕೆಟ್ಟರೂ, ಅರ್ಥ್ ಕಳಚಿದರೂ, ರಿಲೇಯ ಕಾಯಿಲ್ ಸುಟ್ಟರೂ, ಇಲಿ ಕಡಿದರೂ ಫ್ಯಾನ್ ನಿಲ್ಲುತ್ತದೆ, ಅದೂ ಸುಮ್ಮನೆ ನಿಲ್ಲುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ನೀರಿನ ಸೆನ್ಸರಿನ ವಯರ್ ಕಿತ್ತರೆ ಕಂಪ್ಯೂಟರು ಹೆದರಿ ಫ್ಯಾನನ್ನು ಪೂರ್ತಿ ಓಡಿಸಿಬಿಡುತ್ತದೆ. ಕೆಡುವುದಾದರೆ ತಂಪಿನ ಕಡೆಗೆ ಕೆಡಲಿ ಅಂತ ಯಾರೋ ಕೂತು ತೀರ್ಮಾನ ಮಾಡಿದ್ದಾರೆ. ನಮ್ಮ ಗಾಡಿಗಳಲ್ಲಿ ಆ ತೀರ್ಮಾನ ಯಾರೂ ಮಾಡಿಲ್ಲ, ವಯರ್ ಎಳೆಯುವವರೇ ಮಾಡಬೇಕು.

ಐದು ಕಾಲಿನ ರಿಲೇಯಲ್ಲಿ 87ಎ ಅಂತ ಒಂದು ಕಾಲಿರುತ್ತದೆ, ಕಾಯಿಲಿಗೆ ಕರೆಂಟ್ ಇಲ್ಲದಾಗ ಅದು ಕೂಡಿಕೊಂಡಿರುತ್ತದೆ. ಫ್ಯಾನನ್ನು ಅದಕ್ಕೆ ಕೊಟ್ಟರೆ ಕಾಯಿಲಿನ ವಯರ್ ಹರಿದಾಗ ಫ್ಯಾನ್ ಓಡುತ್ತದೆ, ಬಹಳ ಚಂದ. ಆದರೆ ಆಗ ಬಿಸಿಯಾದಾಗ ಬಿಟ್ಟುಕೊಳ್ಳುವ ತಿರುವುಮುರುವು ಸ್ವಿಚ್ ಬೇಕು, ಸಿಗುವುದೆಲ್ಲ ಬಿಸಿಯಾದಾಗ ಕೂಡುವಂಥವು. ಮೇಲಾಗಿ ಆ ಕಾಲಿನ ತಾಕತ್ತು 87ಕ್ಕಿಂತ ಕಡಿಮೆ, ರಿಲೇ ಮೇಲೆ 40/30 ಅಂತ ಬರೆದಿರುವುದು ಅದಕ್ಕೇ. ಕಾಗದದ ಮೇಲೆ ಬರೆದು ಖುಷಿಪಟ್ಟು ಬಿಟ್ಟೆ.

ಕೊನೆಗೆ ಎರಡೂ ಇರಲಿ ಅಂತಾಯಿತು. ಥರ್ಮೋ ಸ್ವಿಚ್ ಮತ್ತು ಕೈಯ ಸ್ವಿಚ್ ಅಕ್ಕಪಕ್ಕ, ಯಾವುದು ಕೂಡಿದರೂ ರಿಲೇ ಎಳೆಯುತ್ತದೆ. ಕೈಯ ಸ್ವಿಚ್ ಫ್ಯಾನನ್ನು ಆನ್ ಮಾಡಬಹುದು, ಥರ್ಮೋ ಸ್ವಿಚ್ಚಿನ ಕೆಲಸವನ್ನು ತಡೆಯಲಾರದು. ರಸ್ತೆ ಮೇಲಿನ ನೀರಿಗೆ ಇಳಿಯುವಾಗ ಫ್ಯಾನನ್ನು ಪೂರ್ತಿ ಬಂದ್ ಮಾಡುವುದಕ್ಕೆ ಬೇರೆ ಒಂದು ಸ್ವಿಚ್ ಬೇಕು ಅಂತ ನಾನು ಹಠ ಮಾಡಿದೆ. ಮಳೆಗಾಲದಲ್ಲಿ ಕತಗಾಲದ ಕಡೆ ಹೋಗುವವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಓಡುವ ಫ್ಯಾನ್ ನೀರಿಗೆ ತಾಗಿದರೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆಲ್ಲ ಎರಚುತ್ತದೆ, ರೆಕ್ಕೆ ಬಾಗಿ ರೇಡಿಯೇಟರಿಗೆ ತಾಗುವುದೂ ಉಂಟು. ಹಿಂದಿನವರು ಹೊಳೆ ದಾಟುವ ಮೊದಲು ಬೆಲ್ಟ್ ಬಿಚ್ಚುತ್ತಿದ್ದರು. ನಿಜ ಹೇಳಬೇಕೆಂದರೆ ಎಲೆಕ್ಟ್ರಿಕ್ ಫ್ಯಾನಿನ ದೊಡ್ಡ ಉಪಕಾರ ನನಗೆ ಇದೇ. ಘಟ್ಟಕ್ಕೆ ಎಲೆಕ್ಟ್ರಿಕ್ ಫ್ಯಾನೇ ಬೇಕು ಅನ್ನುವುದು ಅರ್ಧ ಸುಳ್ಳು. ಎರಡನೇ ಗೇರಿನಲ್ಲಿ ಇಂಜಿನ್ ಕೂಗುತ್ತಾ ಹತ್ತುವಾಗ ಬೆಲ್ಟ್ ಫ್ಯಾನೂ ಜೋರಾಗೇ ತಿರುಗುತ್ತದೆ. ಅದು ಸೋಲುವುದು ಮಾರಿಕಾಂಬಾ ಜಾತ್ರೆಯ ವಾಹನಗಳ ಸಾಲಿನಲ್ಲಿ, ಬಿರು ಬಿಸಿಲಿನಲ್ಲಿ ಇಂಜಿನ್ ನಿಧಾನಕ್ಕೆ ಓಡುತ್ತಾ ನಿಂತಾಗ.

ಒಂದು ಸಣ್ಣ ಸಂಗತಿ, ಯಾರಿಗಾದರೂ ಉಪಯೋಗ ಆದೀತು. ರೇಡಿಯೇಟರಿನಲ್ಲಿ ಸ್ವಿಚ್ ಕೂರಿಸುವ ಜಾಗ ಇಲ್ಲದಿದ್ದರೆ ಮೇಲಿನ ಹೋಸ್ ಪೈಪನ್ನು ಕತ್ತರಿಸಿ ನಡುವೆ ಅಲ್ಯೂಮಿನಿಯಂ ತುಂಡೊಂದನ್ನು ಹಾಕಿ ಅದಕ್ಕೆ ಸ್ವಿಚ್ ತಿರುಪುತ್ತಾರೆ. ಒಂದೇ ಟರ್ಮಿನಲ್ ಇರುವ ಸ್ವಿಚ್ಚಾದರೆ ಅದಕ್ಕೆ ಮೈಯಿಂದಲೇ ಅರ್ಥ್ ಸಿಗಬೇಕು. ಆದರೆ ಎರಡೂ ಕಡೆ ರಬ್ಬರ್! ಆ ತುಂಡಿನಿಂದ ಬೇರೆ ಅರ್ಥ್ ವಯರ್ ಎಳೆಯದಿದ್ದರೆ ಫ್ಯಾನ್ ಯಾವ ಜನ್ಮಕ್ಕೂ ಸುರುವಾಗುವುದಿಲ್ಲ. ಎರಡು ಟರ್ಮಿನಲ್‌ನದ್ದು ತಂದರೆ ಈ ರಗಳೆ ಇಲ್ಲ.

ಕಾರವಾರದ ಗಾಳಿ

ತಂಗಿಯ ಮನೆ ಕಾರವಾರದ ಕೋಡಿಬಾಗದಲ್ಲಿ. ಗಾಡಿ ಆಗಾಗ ಅಲ್ಲಿಗೆ ಹೋಗುತ್ತದೆ, ಕೆಲವು ಸಲ ಅವಳ ಹತ್ತಿರವೇ ಉಳಿಯುತ್ತದೆ. ಘಟ್ಟದ ಮೇಲೆ ವಯರಿಗೆ ಶತ್ರು ಇಲಿ ಆದರೆ ಅಲ್ಲಿ ಉಪ್ಪುಗಾಳಿ. ತಾಮ್ರದ ಎಳೆಗಳು ಹಸಿರಾಗುತ್ತವೆ, ಆಮೇಲೆ ಕಪ್ಪಾಗುತ್ತವೆ. ಅದೂ ಹೊರಗೆ ಕಾಣುವ ಕಡೆ ಮಾತ್ರ ಅಲ್ಲ, ಪ್ಲಾಸ್ಟಿಕ್ ಒಳಗೆ ಸಾಕಷ್ಟು ದೂರ ನುಗ್ಗುತ್ತದೆ. ಮೇಲಿಂದ ನೋಡಿದರೆ ವಯರ್ ಹೊಚ್ಚ ಹೊಸದು. ಅದಕ್ಕೇ ಕರಾವಳಿಯ ಗಾಡಿಗೆ ತವರ ಲೇಪಿಸಿದ ತಾಮ್ರದ ವಯರ್ ಹಾಕುವುದು ಒಳ್ಳೆಯದು. ವಯರಿನ ತುದಿಗೆ ಲಗ್ಗುಗಳನ್ನು ಒತ್ತಿದ ಮೇಲೆ ಒಳಗೆ ಅಂಟು ಇರುವ ಸ್ಲೀವ್ ಹಾಕಿ ಬಿಸಿ ಮಾಡಬೇಕು. ಟೇಪಿನ ಅಂಟು ಒಂದು ಬೇಸಿಗೆಗೆ ಕರಗಿ ಜಾರುತ್ತದೆ. ರಿಲೇಯನ್ನು ಕಾಲು ಕೆಳಗೆ ಮಾಡಿ ಕೂರಿಸಬೇಕು, ವಯರುಗಳನ್ನು ಅದಕ್ಕಿಂತ ಕೆಳಗೆ ಒಂದು ಬಳಸು ಬಳಸಿ ಮೇಲೆ ತರಬೇಕು. ನೀರು ವಯರ್ ಹಿಡಿದು ಬಂದರೂ ಆ ಬಳಸಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಅರ್ಥ್ ವಯರನ್ನು ಗಾಡಿಯ ಮೈಗೆ ಕೊಡದೆ ಸೀದಾ ಬ್ಯಾಟರಿಯ ಮೈನಸ್‌ಗೆ ಒಯ್ದೆ. ವಯರ್ ಜಾಸ್ತಿ ಹಿಡಿಯಿತು, ಅಡ್ಡಿಲ್ಲ.

ಫ್ಯಾನ್ ಕೂರಿಸುವ ವಿಷಯ ಒಂದೇ ಮಾತಿನಲ್ಲಿ ಹೇಳುವುದಾದರೆ, ರೇಡಿಯೇಟರಿನ ಜಾಲರಿಯನ್ನೇ ತೂರಿಸಿ ಬಿಗಿಯುವ ಪ್ಲಾಸ್ಟಿಕ್ ಕಡ್ಡಿಗಳು ಕಿಟ್ಟಿನ ಜೊತೆ ಬಂದರೆ ಅವನ್ನು ಎಸೆಯಿರಿ. ನಮ್ಮ ರಸ್ತೆಗೆ ಅವು ಕುಲುಕಿ ಕುಲುಕಿ ಟ್ಯೂಬನ್ನೇ ತೂತು ಮಾಡುತ್ತವೆ.

ಹಸಿರು ದೀಪ

ಇಷ್ಟೆಲ್ಲ ಆದ ಮೇಲೂ ಮೊದಲಿನ ಪ್ರಶ್ನೆ ಹಾಗೇ ಇತ್ತು. ಫ್ಯಾನ್ ಓಡುತ್ತಿದೆ ಅಂತ ಒಳಗೆ ಕೂತವರಿಗೆ ಗೊತ್ತಾಗುವುದು ಹೇಗೆ? ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಇಡೋಣ ಅಂದರೆ, ಅದರ ವಯರನ್ನು ಎಲ್ಲಿಂದ ತರಬೇಕು? ಥರ್ಮೋ ಸ್ವಿಚ್ಚಿನಿಂದ ತಂದರೆ ದೀಪ ಹೇಳುವುದು ಸ್ವಿಚ್ ಕೂಡಿದೆ ಅಂತ ಮಾತ್ರ. ರಿಲೇಯ 87ರಿಂದ ತಂದರೆ ರಿಲೇ ಎಳೆದಿದೆ ಅಂತ. ಫ್ಯಾನಿನ ಕನೆಕ್ಟರಿನ ಹತ್ತಿರದಿಂದಲೇ ಸಪೂರ ವಯರ್ ಒಂದನ್ನು ವಾಪಸ್ ತಂದರೆ ಮೋಟಾರಿನ ಬಾಗಿಲವರೆಗೆ ಕರೆಂಟ್ ಬಂದಿದೆ ಅಂತ. ಮೋಟಾರಿನ ಬ್ರಷ್ ಸವೆದು ನಿಂತಿದ್ದರೆ ಆಗಲೂ ದೀಪ ಉರಿಯುತ್ತದೆ. ನಾನು ಮೂರನೆಯದನ್ನು ಮಾಡಿದೆ.

ತಂಗಿಗೆ ಗಾಡಿ ಕೊಡುವ ದಿನ ಇದನ್ನೆಲ್ಲ ವಿವರಿಸಿದೆ. ರಾತ್ರಿ ಫ್ಯಾನ್ ಸುರುವಾದಾಗ ಹೆಡ್‌ಲೈಟ್ ಒಂದು ಕ್ಷಣ ಮಂಕಾಗುತ್ತದೆ ಅಂತಲೂ ಹೇಳಿದೆ. ಅದಕ್ಕೂ ಲೆಕ್ಕ ಇದೆ: ಹೆಡ್‌ಲೈಟಿಗೆ ಸುಮಾರು 10 ಆಂಪ್, ಫ್ಯಾನಿಗೆ 10, ವೈಪರಿಗೆ ಮೂರು ನಾಲ್ಕು, ಇಗ್ನಿಷನ್ನಿಗೆ ಇನ್ನು ಮೂರು ನಾಲ್ಕು. ಆಲ್ಟರ್ನೇಟರ್ ಮೇಲೆ 35 ಅಂತ ಇದ್ದರೂ ನಿಂತಲ್ಲಿ ಓಡುವಾಗ ಅದು ಅಷ್ಟು ಕೊಡುವುದಿಲ್ಲ, ಉಳಿದದ್ದು ಬ್ಯಾಟರಿಯಿಂದಲೇ ಹೋಗುತ್ತದೆ. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. “ಅಣ್ಣಾ, ದೀಪ ಹತ್ತಿದ್ರೆ ಚಲೋನ, ಹತ್ತದಿದ್ರೆ ಚಲೋನ?”

ನನಗೆ ಉತ್ತರ ಹೊಳೆಯಲಿಲ್ಲ. ಆಯಿಲ್ ದೀಪ ಹತ್ತಿದರೆ ಕೆಟ್ಟದ್ದು, ಚಾರ್ಜ್ ದೀಪ ಹತ್ತಿದರೆ ಕೆಟ್ಟದ್ದು. ಇದೊಂದು ಮಾತ್ರ ಹತ್ತಿದರೆ ಒಳ್ಳೆಯದು, ಹತ್ತದಿದ್ದರೂ ಒಳ್ಳೆಯದಿರಬಹುದು, ಯಾಕೆಂದರೆ ಫ್ಯಾನ್ ಬೇಕೇ ಆಗಿಲ್ಲದಿರಬಹುದು. ಘಟ್ಟದ ತಿರುವಿನಲ್ಲಿ ಯಾರು ಇಷ್ಟು ಯೋಚಿಸುತ್ತಾರೆ? ದೀಪವನ್ನು ಹಸಿರು ಮಾಡಿದೆ, ಆದರೆ ಪ್ರಶ್ನೆ ತಲೆ ಕೊರೆಯುತ್ತಲೇ ಇತ್ತು. ಅವಳಿಗೆ ಫ್ಯಾನಿನ ಸುದ್ದಿಯೇ ಬೇಡ. ನೀರು ಮಿತಿ ಮೀರಿ ಬಿಸಿಯಾದರೆ ಮಾತ್ರ ಯಾರಾದರೂ ಕೂಗಬೇಕು. ಫ್ಯಾನ್, ಫ್ಯೂಸ್, ರಿಲೇ, ಬೆಲ್ಟ್ ಯಾವುದು ಕೈಕೊಟ್ಟರೂ ಕೊನೆಗೆ ಬಿಸಿಯಾಗುವುದು ನೀರೇ ಅಲ್ವಾ? ಅದನ್ನೇ ಕೇಳಿದರಾಯಿತು.

ಹಾಗಾಗಿ 105 ಡಿಗ್ರಿಗೆ ಕೂಡುವ ಇನ್ನೊಂದು ಸ್ವಿಚ್ ತಂದು ಇಂಜಿನ್ನಿನ ಹತ್ತಿರ ಕೂರಿಸಿ ಬಜರ್‌ಗೆ ಕೊಡುವುದು ಅಂತ ನಿರ್ಧರಿಸಿದೆ. 0.9 ಬಾರ್ ಒತ್ತಡದ ಮುಚ್ಚಳ ಇದ್ದರೆ ಬರೀ ನೀರೇ 118 ಡಿಗ್ರಿವರೆಗೆ ಕುದಿಯುವುದಿಲ್ಲ, ಹಾಗಾಗಿ 105ಕ್ಕೆ ಕೂಗಿದರೆ ಬದಿಗೆ ನಿಲ್ಲಿಸಲು ಸಮಯ ಇರುತ್ತದೆ. (ನೀರೆಲ್ಲ ಸೋರಿ ಹೋಗಿ ಸ್ವಿಚ್ ಗಾಳಿಯಲ್ಲಿ ನಿಂತರೆ ಇದೂ ಸುಮ್ಮನಿರುತ್ತದೆ. ಅದಕ್ಕೆ ಬೆಳಿಗ್ಗೆ ಮುಚ್ಚಳ ತೆಗೆದು ನೋಡುವುದೊಂದೇ ದಾರಿ.)

ಹಾಕುವ ಮೊದಲು ಸ್ವಿಚ್ ಪರೀಕ್ಷೆ ಮಾಡಬೇಕಲ್ಲ. 92ರದ್ದನ್ನು ಪಾತ್ರೆಯ ನೀರಿನಲ್ಲಿ ಅದ್ದಿ ಕುದಿಸಿ ನೋಡಿದ್ದೆ. 105ರದ್ದಕ್ಕೆ ಅದು ನಡೆಯುವುದಿಲ್ಲ, ಶಿರಸಿಯ ಎತ್ತರದಲ್ಲಿ ತೆರೆದ ನೀರು 98ರ ಹತ್ತಿರವೇ ಕುದಿದು ಅಲ್ಲಿಗೇ ನಿಲ್ಲುತ್ತದೆ. ಆಲೆಮನೆಯ ದಿನಗಳು, ಜೋನಿ ಬೆಲ್ಲದ ಪಾಕ ಇಳಿಸುವುದು ಸುಮಾರು 105ಕ್ಕೇ. ಕೊಪ್ಪರಿಗೆಯಲ್ಲಿ ಒಂದು ನಿಮಿಷ ಅದ್ದಿ ತೆಗೆಯುತ್ತೇನೆ ಅಂದೆ. ಆಯಿ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಡೆಗೆ ಸಣ್ಣ ಬಾಣಲೆಯಲ್ಲಿ ಎಣ್ಣೆ ಕಾಸಿ, ಥರ್ಮಾಮೀಟರ್ ಇಟ್ಟು ನೋಡಿದೆ. 104ಕ್ಕೆ ಕೂಡಿಕೊಂಡಿತು.

ಬಜರ್‌ಗೆ ಪೇಟೆಯಲ್ಲಿ ಸಿಕ್ಕಿದ್ದು ರಿವರ್ಸ್ ಹಾಕಿದಾಗ ಹಾಡುವ ಜಾತಿಯದ್ದು ಒಂದೇ. ಅದನ್ನೇ ಹಾಕಿ ಅಂಗಳದಲ್ಲಿ ವಯರ್ ತಾಗಿಸಿ ಟೆಸ್ಟ್ ಮಾಡುತ್ತಿದ್ದಾಗ, ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದ ಭಾವ ಎದ್ದು ಬಂದು ಗಾಡಿಯ ಹಿಂದೆ ನಿಂತ. ಎರಡೂ ಕೈ ಬೀಸಿ, “ಬಾ ಬಾ, ಇನ್ನೂ ಜಾಗ ಇದ್ದು” ಅಂದ.